ಎರಕದಲ್ಲಿ ಒಂದು ಗೆರೆ

ತಾರೀಖು ೧೪, ಬುಧವಾರ
ವರ್ಕ್‌ಶಾಪಿನಿಂದ, ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಪುಟ್ಟಿಗೆ,

ಅಪ್ಪನ ಮೇಲಿನ ಸಿಟ್ಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಇದನ್ನು ಓದು. ಆರು ದಿನದಿಂದ ನೀನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫೋನು ಮಾಡುತ್ತೀಯ. ನಾನು ಎರಡೂ ಸಲ "ಎಲ್ಲ ಚೆನ್ನಾಗಿದೆ, ನಾಳೆ ಮುಗಿಯುತ್ತೆ" ಎಂದು ಹೇಳಿ ಫೋನನ್ನು ನಿನ್ನ ಅಮ್ಮನ ಕೈಗೆ ದಾಟಿಸುತ್ತೇನೆ. ಏನು ಮಾಡಲಿ, ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿಗೆ ಬೇರೆ ಮಾತೇ ಬರುವುದಿಲ್ಲ. ಕಾಗದವಾದರೆ ನಡುವೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇದನ್ನು ಮೊದಲ ದಿನವೇ ಬರೆಯಬೇಕಿತ್ತು, ತಡವಾಯಿತು.

ಮೊಮ್ಮಗಳ ಕಿವಿನೋವು ಹೇಗಿದೆ? ಶುಕ್ರವಾರ ಆಪರೇಷನ್ ಹೊತ್ತಿಗೆ ತನ್ನ ಅಪ್ಪ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಡಾಕ್ಟರಿಗೆ ಕಿವಿ ತೋರಿಸುವುದೇ ಇಲ್ಲ ಎಂದು ಹಟ ಹಿಡಿದಿದ್ದಾಳಂತೆ. ಹಟ ನಿನ್ನದೇ, ನನ್ನ ಕಡೆಯಿಂದ ಬಂದದ್ದಲ್ಲ. ನಿನ್ನ ಗಂಡ ಮಗಳ ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಾನೆ, ಹೇಳಿದಾಗಲೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಅವನು ಶಾಲೆಯ ಬೆಂಚುಗಳ ಲೋಡು ಹೊತ್ತು ಬಂದು ಬಾಗಿಲಲ್ಲಿ ನಿಂತಾಗ, ಲಾರಿಯ ಮುಂದಿನ ಆಕ್ಸಲ್ ಪೂರ್ತಿ ಎಣ್ಣೆಯಲ್ಲಿ ಮಿಂದಿತ್ತು. ಫ್ಯಾನಿನ ಹಿಂದೆ ಕೈ ಹಾಕಿ ಸವರಿದೆ. ಟೈಮಿಂಗ್ ಗೇರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಆ ಎರಕದ ಹೌಸಿಂಗ್, ಎಂಜಿನ್ನಿನ ಮುಂದಿನ ಕವಚ ಇದೆಯಲ್ಲ, ಅದರ ಎಡಮೂಲೆಯಲ್ಲಿ ಬೆರಳಿಗೆ ಬಿರುಕು ಸಿಕ್ಕಿತು. ಬೋಲ್ಟಿನ ತೂತಿನಿಂದ ಹೊರಟು ಡೀಸೆಲ್ ಪಂಪು ಕೂರುವ ಜಾಗದ ಕಡೆಗೆ ನಾಲ್ಕು ಬೆರಳು ಉದ್ದ ಹರಿದಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, "ತಪ್ಪು ನಂದೇ ಮಾವ. ಹೋದ ತಿಂಗಳು ಇಳಿಜಾರಲ್ಲಿ ಕೆಳಗಿನ ಗೇರಿಗೆ ಹಾಕಿ ಎಂಜಿನ್ನನ್ನ ಕಿರುಚಿಸಿಬಿಟ್ಟೆ. ಅವತ್ತೇ ಬಿರುಕು ಬಿಟ್ಟಿರಬೇಕು."

ನಾನು ಬೈದೆ. ಎಂಜಿನ್ ಏನು ನಿನ್ನ ಕೈಯ ಆಟದ ಸಾಮಾನಾ ಎಂದು ಕೇಳಿದೆ. ನಿನ್ನ ಅಮ್ಮ ಒಳಗಿನಿಂದ ಬಂದು "ಬಂದವನಿಗೆ ನೀರು ಕೊಡೋಕೆ ಮುಂಚೆ ಬೈಗುಳ ಕೊಡ್ತೀರಲ್ಲ" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅವನು ತಲೆ ತಗ್ಗಿಸಿ ನಿಂತಿದ್ದ. ಆವತ್ತಿನಿಂದ ಅವನು ಇಲ್ಲಿ ಅಳಿಯನ ಹಾಗಿಲ್ಲ. ಬೆಳಿಗ್ಗೆ ಎದ್ದು ವರ್ಕ್‌ಶಾಪಿನ ನೆಲ ಒರೆಸುತ್ತಾನೆ, ಸ್ಪಾನರುಗಳನ್ನು ತೊಳೆದು ಸಾಲಾಗಿ ಇಡುತ್ತಾನೆ, ಊಟಕ್ಕೆ ಕರೆದರೆ ನಿಮ್ಮದಾಗಲಿ ಮಾವ ಎನ್ನುತ್ತಾನೆ.

ಹೊಸ ಹೌಸಿಂಗಿಗೆ ಅಂಗಡಿಯವನು ಮೂರು ವಾರ ಕೇಳಿದ. ಗಾಡಿ ಹಳೆಯದು, ಆ ಎರಕ ಈಗ ಯಾರೂ ಮಾಡುವುದಿಲ್ಲ, ಎಲ್ಲಾದರೂ ಉಳಿದದ್ದನ್ನು ಹುಡುಕಿ ತರಿಸಬೇಕಂತೆ. ಹೋದ ಶುಕ್ರವಾರ ರೇಡಿಯೇಟರ್, ಪಂಪು, ಮುಚ್ಚಳ ಎಲ್ಲ ಇಳಿಸಿ, ಗೇರುಗಳಿಗೆ ಗುರುತು ಹಾಕಿ ಹೌಸಿಂಗನ್ನು ಬಿಚ್ಚಿದೆ. ಮಾರನೆಯ ದಿನ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಸೀಮೆಸುಣ್ಣದ ಪುಡಿ ಬಳಿದೆ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಮೂಡುತ್ತದಲ್ಲ, ನೀನು ಚಿಕ್ಕವಳಿದ್ದಾಗ ಅದನ್ನು ಮ್ಯಾಜಿಕ್ ಎನ್ನುತ್ತಿದ್ದೆ. ಗೆರೆ ಮೂಡಿತು. ಬಿರುಕು ಮುಂದೆ ಓಡದ ಹಾಗೆ ಅದರ ತುದಿಗೆ ಸಣ್ಣ ತೂತು ಕೊರೆದು, ಬೆಸುಗೆ ಕೂರಲು ಉದ್ದಕ್ಕೂ ಕಾಲುವೆ ತೋಡಿಟ್ಟೆ.

ಬೆಸುಗೆಗೆ ನಿಧಾನಿಯನ್ನೇ ಕರೆಸಿದೆ. ನಮ್ಮ ವೆಲ್ಡರ್ ನಿನಗೆ ನೆನಪಿರಬೇಕು, ಟೀ ಕುಡಿಯುವುದಕ್ಕೂ ಮುಕ್ಕಾಲು ಗಂಟೆ ಬೇಕು ಆ ಮಹಾರಾಯನಿಗೆ. ಆದರೆ ಎರಕಕ್ಕೆ ಅಂಥವನೇ ಆಗಬೇಕು. ಇಡೀ ಹೌಸಿಂಗನ್ನು ಕೆಂಡದ ಮೇಲೆ ಕಾಯಿಸಿ, ಅರ್ಧ ಇಂಚು ಬೆಸೆಯುವುದು, ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವುದು, ಕಾಯುವುದು, ಮತ್ತೆ ಅರ್ಧ ಇಂಚು. ಭಾನುವಾರ ಪೂರ್ತಿ ಹೀಗೇ ಹೋಯಿತು. ಕೊನೆಗೆ ಸುಣ್ಣದ ಪುಡಿಯಲ್ಲಿ ಹೂತಿಟ್ಟು, "ನಾಳೆ ತನಕ ಇದನ್ನ ಯಾರೂ ಮುಟ್ಟಬೇಡಿ, ಮುಖ್ಯವಾಗಿ ನೀವು" ಎಂದು ನನಗೆ ಹೇಳಿ ಹೋದ. ಬೇಗ ತಣ್ಣಗಾದರೆ ಮತ್ತೆ ಒಡೆಯುತ್ತದೆ.

ಸೋಮವಾರ ತೆಗೆದು ಮತ್ತೆ ಸೀಮೆಸುಣ್ಣ ಬಳಿದೆ. ಬೆಸುಗೆ ಚೊಕ್ಕವಾಗಿತ್ತು. ಆದರೆ ನಾನು ತುದಿಗೆ ಕೊರೆದ ತೂತಿನಿಂದ ಆಚೆ, ಪಂಪಿನ ಕಡೆಗೆ, ಕೂದಲಿನಷ್ಟು ಸಣ್ಣ ಒಂದು ಗೆರೆ ಕಂಡಿತು. ಒರೆಸಿ ಮತ್ತೆ ಬಳಿದೆ, ಮಸುಕಾಗಿ ಕಂಡಿತು. ಮೂರನೆಯ ಸಲ ಕಾಣಲಿಲ್ಲ. ನಿಧಾನಿ ಕನ್ನಡಕ ಏರಿಸಿ ನೋಡಿ, "ಅರದಿಂದ ಗೀಚಿರೋ ಗೆರೆನೂ ಇರಬಹುದು, ಬಿರುಕೂ ಇರಬಹುದು. ಮತ್ತೆ ಕಾಯಿಸಿ ಬೆಸೆದರೆ ಇನ್ನೂ ಮೂರು ದಿನ" ಎಂದ. ಮೂರು ದಿನ ಎಂದರೆ ಶುಕ್ರವಾರ ಕೈಬಿಟ್ಟ ಹಾಗೆಯೇ. ನಾನು ಜೋಡಿಸಿದೆ.

ನಿನ್ನೆ ಎಂಜಿನ್ ಎರಡು ಗಂಟೆ ಓಡಿಸಿ, ಅಡಿಯಲ್ಲಿ ಬಿಳಿ ಕಾಗದ ಹಾಸಿ ಕೂತಿದ್ದೆ. ಒಂದು ಹನಿ ಎಣ್ಣೆ ಬೀಳಲಿಲ್ಲ. ಆದರೆ ಇಲ್ಲಿ ನಿಂತಲ್ಲೇ ಓಡುವುದು ಬೇರೆ, ಲೋಡು ಹೊತ್ತು ಘಟ್ಟ ಇಳಿಯುವುದು ಬೇರೆ. ಅರ್ಧ ಘಟ್ಟದಲ್ಲಿ ಹೌಸಿಂಗ್ ಬಾಯಿಬಿಟ್ಟು ಎಂಜಿನ್ ನಿಂತರೆ, ಎಂಜಿನ್ನೇ ತುಂಬಿಸುವ ಬ್ರೇಕಿನ ಗಾಳಿ ಎಷ್ಟು ಹೊತ್ತು ಬರುತ್ತದೆ ಎಂದು ಈ ವರ್ಕ್‌ಶಾಪಿನಲ್ಲಿ ಬೆಳೆದ ನಿನಗೆ ನಾನು ಹೇಳಬೇಕಿಲ್ಲ. ನಿನ್ನೆ ಸಂಜೆ, ಘಟ್ಟದಲ್ಲಿ ಸ್ವಲ್ಪ ನೋಡಿಕೊಂಡು ಹೋಗು ಎಂದಷ್ಟೇ ಅವನಿಗೆ ಹೇಳಿದೆ. ಅವನು ನಕ್ಕು, "ನೀವೇ ಮಾಡಿದ ಕೆಲಸ ಅಂದ್ಮೇಲೆ ನನಗೇನು ಭಯ ಮಾವ" ಎಂದ.

ಮಧ್ಯಾಹ್ನ ಹನ್ನೆರಡಕ್ಕೆ ಹೊರಡುತ್ತಾನೆ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಳೆ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬೇಕು. ಅವನು ಬಂದ ಕೂಡಲೇ ಫೋನು ಮಾಡು. ಅಮ್ಮನಿಗೆ ಬೇಡ, ನನಗೇ ಮಾಡು. ಮೊಮ್ಮಗಳ ಎರಡು ಕೆನ್ನೆಗೂ ನನ್ನದೊಂದೊಂದು ಮುತ್ತು ಕೊಡು. ನೀವು ಮೂವರೂ ಒಂದೇ ಸೂರಿನ ಕೆಳಗೆ ನೂರು ಕಾಲ ನಗುತ್ತಿರಿ.

ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಹರಿದು ಬರೆಯುತ್ತಿದ್ದೇನೆ.

ಬಿರುಕು ಅವನಿಂದ ಆದದ್ದಲ್ಲ. ನಾಲ್ಕು ತಿಂಗಳ ಹಿಂದೆ ಇದೇ ಗಾಡಿಯ ಎಣ್ಣೆ ಸೀಲು ಬದಲಿಸಿ ಮುಚ್ಚಳ ಜೋಡಿಸಿದವನು ನಾನು. ಬಿಚ್ಚಿದ ಬೋಲ್ಟುಗಳನ್ನು ರಟ್ಟಿನ ಮೇಲೆ ಅದರದರ ಜಾಗದಲ್ಲೇ ಚುಚ್ಚಿಡಬೇಕು ಎಂದು ನಿನಗೆ ಹೊಡೆದು ಕಲಿಸಿದವನು, ಆವತ್ತು ನಲವತ್ತು ವರ್ಷದ ಕೈಗೆ ರಟ್ಟು ಯಾಕೆ ಎಂದು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದೆ. ಎಡಮೂಲೆಯ ತೂತಿಗೆ ತಳ ಇದೆ, ಅಲ್ಲಿಗೆ ಗಿಡ್ಡ ಬೋಲ್ಟು ಬೇಕು. ನಾನು ಉದ್ದದ್ದು ಹಾಕಿದೆ. ಅದು ತಳಕ್ಕೆ ತಾಗಿ ನಿಂತಾಗ ಸ್ಪಾನರಿಗೆ ಪೈಪು ತೂರಿಸಿ ಇನ್ನೊಂದು ಸುತ್ತು ಬಿಗಿದೆ. ಟಿಕ್ ಎಂದು ಸದ್ದಾಯಿತು ಪುಟ್ಟಿ, ನನಗೆ ಕೇಳಿಸಿತು. ಬೋಲ್ಟು ಕೂತಿತು ಎಂದುಕೊಂಡೆ.

ಹೋದ ಶುಕ್ರವಾರ ಬಿಚ್ಚಿದಾಗ ಆ ಉದ್ದದ ಬೋಲ್ಟು ಕೈಗೆ ಬಂತು. ನಿನ್ನ ಗಂಡ ಆಗ ಟೀ ತರಲು ಹೋಗಿದ್ದ. ನಾನು ಬೋಲ್ಟನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಐದು ದಿನ ಅವನು ನನ್ನ ನೆಲ ಒರೆಸುವುದನ್ನು ನೋಡುತ್ತಾ ಕೂತಿದ್ದೆ.

ಗಾಡಿ ಇಲ್ಲೇ ಇರಲಿ, ನೀನು ಬಸ್ಸಿಗೆ ಹೋಗು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೆ ಮಾವ ಎಂದು ಕೇಳುತ್ತಾನೆ, ಗೆರೆಯ ಮಾತು ಬರುತ್ತದೆ, ಗೆರೆಯ ಹಿಂದೆ ಬಿರುಕಿನ ಮಾತು ಬರುತ್ತದೆ, ಅದಕ್ಕೇ ಹೇಳಲಿಲ್ಲ. ಮೊದಲು ಬರೆದ ಕಾಗದವನ್ನು ಅಂಚೆಗೆ ಹಾಕಬಹುದಿತ್ತು. ಹಾಕಲಿಲ್ಲ. ಗಾಡಿ ತಲುಪಿದರೆ ನೀನು ಓದಿ ನನ್ನನ್ನು ಬೈದು ಸುಮ್ಮನಾಗುತ್ತೀಯ, ತಲುಪದಿದ್ದರೆ ಕಾಗದವೂ ತಲುಪುವುದಿಲ್ಲ, ನನ್ನ ಕೆಲಸದ ಬಗ್ಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಲಕೋಟೆಗೆ ಅಂಟು ಹಚ್ಚುವಾಗ ನಾನು ಇಷ್ಟು ಲೆಕ್ಕ ಹಾಕಿದ್ದೆ. ಮೊಮ್ಮಗಳ ಅಪ್ಪನ ಜೀವ ಅದರೊಳಗಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿದೆ.

ಅವನು ಹೊರಗೆ ಲೋಡಿಗೆ ಹಗ್ಗ ಬಿಗಿಯುತ್ತಿದ್ದಾನೆ. ಬಾಯಲ್ಲಿ ಹೇಳುವ ಧೈರ್ಯ ಈಗಲೂ ನನಗಿಲ್ಲ. ಕಾಗದವನ್ನು ಮಡಚದೆ ಹೀಗೇ ತೆಗೆದುಕೊಂಡು ಹೋಗಿ, ಗಾಡಿಯ ಕೀಲಿ ನನ್ನ ಕೈಯಲ್ಲೇ ಇಟ್ಟುಕೊಂಡು, ಅವನ ಮುಂದೆ ಹಿಡಿಯುತ್ತೇನೆ. ಬಸ್ಸು ಒಂದೂವರೆಗೆ ಇದೆ. ಇದು ನಿನ್ನ ಕೈ ಸೇರಿದ್ದರೆ, ನಿನಗಿಂತ ಮೊದಲು ಅವನು ಓದಿದ್ದಾನೆ.