ಹೊಸಕೋಟೆ ಮಿಲ್ಲಿನ ಎಂಜಿನ್

ಪಾವಗಡ
೮-೮-೧೯೮೩

ಅಪ್ಪನಿಗೆ ನಮಸ್ಕಾರ.

ನೀವು ಇಪ್ಪತ್ತು ವರ್ಷ ಡ್ರೈವರಾಗಿ ಓಡಿಸಿದ, ಇಲ್ಲಿನ ಹೊಸಕೋಟೆ ಎಣ್ಣೆ ಮಿಲ್ಲಿನ ಎಂಜಿನ್ ಗುಜರಿಗೆ ಹೋಗುವುದರಲ್ಲಿತ್ತು. ಮಕ್ಕಳು ನೋಡಿ ಕಲಿಯಲಿ, ಊರಿನ ಶಾಲೆಗೆ ಕೊಡಿ ಎಂದು ಕೇಳಿದೆ; ಓಡಿಸಿ ತೋರಿಸಿದರೆ ಶಾಲೆಗೇ ಬಿಡುತ್ತೇನೆ ಎಂದರು ಮಾಲೀಕರು. ಕೆಲಸ ಮುಗಿಸಿ ಸಂಜೆ ಆ ಶಾಲೆಯಲ್ಲಿ ನಾನು ಕಬಡ್ಡಿ ಕಲಿಸುವ ಹುಡುಗಿಯರನ್ನು ಎಂಜಿನ್ನಿನ ದೊಡ್ಡ ಚಕ್ರ ನೂಕಲು ಹಚ್ಚಿದೆ. ಸ್ಟಾರ್ಟ್ ಆಗಲಿಲ್ಲ.

“ಇಂಜಿನಿಯರ್ ಸಾರ್, ನೀವು ನಿಮ್ ರಸ್ತೆ ಕೆಲ್ಸ ನೋಡ್ಕಳಿ,” ಎಂದಳು ಅವರಲ್ಲೊಬ್ಬಳು, ಮಿಲ್ಲಿನಲ್ಲಿ ನಿಮ್ಮ ಜೊತೆ ದುಡಿದ ಯತ್ತಪ್ಪನ ಮಗಳು. “ಇದ್ನ ಮೊದ್ಲು ಹಿಂದಕ್ಕೆ ತಳ್ಬೇಕು. ನಿಮ್ಮಪ್ಪಾರು ಅಂಗೇ ಮಾಡ್ತಿದ್ರಂತೆ, ನಮ್ಮಪ್ಪ ಹೇಳೈತೆ.”

ಹಾಗೇ ಮಾಡಿದೆವು, ಓಡಿತು. ನಿಲ್ಲಿಸುವುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಡೀಸೆಲ್ ತೀರುವವರೆಗೂ ಮಾಲೀಕರು ನಿಂತೇ ನೋಡಿದರು. ಎಂಜಿನ್ ಈಗ ಶಾಲೆಯದು.

ನಿಮ್ಮ ಕೆಲಸ ಏನೆಂದು ಇಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಭಾನುವಾರ ಬನ್ನಿ, ನಿಲ್ಲಿಸುವುದನ್ನು ನಮಗೆ ಕಲಿಸಿ.

ನಿಮ್ಮ ಮಗ
ಬೈಲಪ್ಪ