ಬಿಟ್ಟು ಹೋದವರ ಹೆಸರು

ಭಾನುವಾರ, ಬೆಳಿಗ್ಗೆ

ನನ್ನ ಚಿನಕುರಳಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯ? ನೀನು ಮನೆ ಬಿಟ್ಟು ಆ ಬಿಳಿ ಬಟ್ಟೆಯವರ ಜೊತೆ ಸೇರಿದಾಗಿನಿಂದ ನಿನ್ನಪ್ಪನದು ಒಂದೇ ರಾಗ: ಅದು ಧರ್ಮವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ, ತಲೆ ಕೆಡಿಸುವ ಗುಂಪು ಅಂತ. ಒಬ್ಬಳು ಗುರುಮಾತೆ, ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ, ಬೆಳಕು ಹರಿಯುವ ಮುಂಚೆ ಹಾಡು, ಇನ್ನೇನು ಬೇಕು ಪುರಾವೆ ಅಂತ ಕೇಳುತ್ತಾರೆ. ಹೊಸದು ಅಂದ ಮಾತ್ರಕ್ಕೆ ಕೆಟ್ಟದ್ದಾ, ನಿಮ್ಮ ಮುತ್ತಜ್ಜಿಯ ಪಂಥವನ್ನೂ ಒಂದು ಕಾಲಕ್ಕೆ ನಾಲ್ಕು ಜನ ಸೇರಿಯೇ ಶುರು ಮಾಡಿದ್ದು ಅಂತ ನಾನಂದೆ. ವಾರವೆಲ್ಲ ಮೂತಿ ಊದಿಸಿಕೊಂಡಿದ್ದರು.

ಬಾಯಿ ಜೋರು ಮಾಡಿದೆನೇ ಹೊರತು ನನಗೂ ಒಳಗೊಳಗೇ ಪುಕುಪುಕು. ಹೊಲಿಗೆ ಮೆಷಿನ್ ಮುಂದೆ ಕೂತು ಯಾರದೋ ಅಂಗಿಯ ತೋಳಿಗೆ ಕಾಲರ್ ಜೋಡಿಸಿದೆ ಕಣೆ!

ಕೊನೆಗೆ ನಿಮ್ಮ ಗುಂಪು ಬಿಟ್ಟು ಬಂದ ಬೇಕರಿಯವನನ್ನು ಹುಡುಕಿಕೊಂಡು ಹೋದೆ. ಒಳಗಿರುವವರು ಹೊಗಳಿಯೇ ಹೊಗಳುತ್ತಾರೆ, ಬಿಟ್ಟವರನ್ನು ಕೇಳಬೇಕು. ಆತ ಹಿಟ್ಟು ನಾದುತ್ತಲೇ ನಕ್ಕ. ಆ ಹಾಡಿನ ಹೊತ್ತಿಗೇ ನಾನು ಒಲೆ ಹಚ್ಚಬೇಕಮ್ಮ, ಗುರುಮಾತೆ ಹೇಳೋದ್ರಲ್ಲಿ ಅರ್ಧ ನಂಗೆ ಒಪ್ಪಿಗೇನೂ ಆಗ್ಲಿಲ್ಲ, ಮುಖಕ್ಕೇ ಹೇಳಿ ಬಂದೆ ಅಂದ. ಆಮೇಲೆ ಕಾಟ ಕೊಡಲಿಲ್ಲವಾ ಅಂದೆ. ಎಂಥಾ ಕಾಟ, ಇವತ್ತಿಗೂ ನನ್ನ ಹತ್ರಾನೇ ಬ್ರೆಡ್ ತಗೋತಾರೆ, ಊಟಕ್ಕೆ ಕೂತಾಗ ಬಿಟ್ಟು ಹೋದವರ ಹೆಸರು ಹೇಳಿ ಚೆನ್ನಾಗಿರ್ಲಿ ಅನ್ನೋದು ಅವರ ಪದ್ಧತಿ ಅಂದ.

ನನ್ನ ಎದೆ ಹಗುರಾಯಿತು. ಬಸ್ಸಿನಲ್ಲಿ ಬರುತ್ತಾ ಮತ್ತೆ ಭಾರವಾಯಿತು ಮಗಳೇ. ನೀನು ಹೋದ ಮೇಲಿನ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿಲ್ಲ. ಇಲ್ಲಿ ನಿನ್ನ ಹೆಸರು ಎತ್ತುವ ಹಾಗಿಲ್ಲ. ನಿನ್ನ ಫೋಟೋ ಗೋಡೆಗೆ ಮುಖ ಮಾಡಿಕೊಂಡಿದೆ. ನಿನ್ನ ಸುದ್ದಿ ಕೇಳಬೇಕಾದರೆ ನಿನ್ನ ತಮ್ಮ ನನ್ನನ್ನು ಹಿತ್ತಲಿಗೆ ಕರೆಯುತ್ತಾನೆ. ಒಬ್ಬರು ಹೇಳಿದ್ದೇ ವೇದವಾಕ್ಯ, ಉಳಿದವರು ತುಟಿಪಿಟಕ್ ಅನ್ನುವಂತಿಲ್ಲ, ಬಿಟ್ಟು ಹೋದವಳು ಸತ್ತಂತೆ. ತಲೆ ಕೆಡಿಸುವ ಗುಂಪು ಯಾವುದು ಅಂತ ಈಗ ಗೊತ್ತಾಯಿತು. ನಾನೂ ಅದರಲ್ಲೇ ಇದ್ದೇನೆ.

ನೀನೂ ಕಣ್ಣು ಬಿಟ್ಟುಕೊಂಡಿರು. ಬೇಕರಿಯವನ ಹೆಸರು ಹೇಳಬೇಡ ಅಂತ ಅಲ್ಲಿ ಯಾವತ್ತಾದರೂ ಅಂದರೆ, ತಕ್ಷಣ ಚಪ್ಪಲಿ ಮೆಟ್ಟಿ ಹೊರಡು. ಬಾಗಿಲು ನಾನು ತೆಗೆಯುತ್ತೇನೆ. ನೀನಿಲ್ಲದೆ ಈ ಮನೆ ಬಿಕೋ ಅನ್ನುತ್ತದೆ.

ನಿನ್ನನ್ನೇ ನೆನೆಯುವ,
ಅಮ್ಮ

ಇನ್ನೊಂದು ಮಾತು: ಇದನ್ನು ಬರೆದಿಟ್ಟು ಮಧ್ಯಾಹ್ನ ಊಟ ಬಡಿಸುತ್ತಾ, ನಿನ್ನ ಹೆಸರು ಹಿಡಿದು ಚೆನ್ನಾಗಿರಲಿ ಅಂದೆ. ಗಟ್ಟಿಯಾಗಿಯೇ ಅಂದೆ. ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. ನಿನ್ನಪ್ಪ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ, ಅಲ್ಲಿ ಅವಳಿಗೆ ಹೊಟ್ಟೆ ತುಂಬಾ ಹಾಕ್ತಾರಂತಾ ಅಂತ ಕೇಳಿದರು.