ಅಜ್ಜಿಯ ರಾಗಿ ಹೊಲ, ಮನೆಯ ಗಾಳಿ

ಕೋಲಾರದ ಕೆಳಊರು,
೨೨೪೧, ಎರಡನೇ ಚೈತ್ರದ ಮೂವತ್ತೇಳು

ಹಿಂದಿನ ಕಾಲದವರೇ,

ನನ್ನ ಮಾತು, ನಮ್ಮ ತಿಂಗಳ ಲೆಕ್ಕ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಗಣಿಯೊಳಗೇ ಬೆಳೆದ ಕನ್ನಡ ಇದು, ಇದರಲ್ಲಿ ಬಿಸಿಲಿಗೆ ಹೆಚ್ಚು ಪದಗಳಿಲ್ಲ.

ನೆಲದ ಮೇಲೆ ಸೆಕೆ ತಡೆಯಲಾಗದೆ ನಮ್ಮ ಹಿರಿಯರು ಹಳೆಯ ಚಿನ್ನದ ಗಣಿಗೆ ಇಳಿದರಂತೆ. ಇಲ್ಲಿ ಪ್ರತಿ ಮನೆಗೂ ಒಂದು ‘ಮನೆಯಾಳು’ ಇರುತ್ತದೆ. ನೀವು ಹೋಮ್ ಸರ್ವರ್ ಅನ್ನುತ್ತೀರಲ್ಲ, ಅದೇ. ಗಾಳಿ, ನೀರು, ಬಾಗಿಲ ಬೀಗ ಎಲ್ಲ ಅದರ ಪಾಲು. ನಮ್ಮಲ್ಲಿ ಅದರ ಪಕ್ಕ ಒಂದು ಗೇಮಿಂಗ್ ಕಂಪ್ಯೂಟರೂ ಇತ್ತು. ಅದು ನನ್ನ ಗಂಡನ ಅಜ್ಜಿ ಪುಟ್ಟತಾಯಮ್ಮನವರದು. ನೆಲದ ಮೇಲೆ ಒಮ್ಮೆಯೂ ಕಾಲಿಡದ ಅಜ್ಜಿ ಆಟದೊಳಗೆ ವರ್ಷಗಟ್ಟಲೆ ರಾಗಿ ಬೆಳೆದರು. ಪರದೆಯಲ್ಲಿ ಮೋಡ ಕವಿದರೆ ಜೊತೆಯ ಆಟಗಾರರಿಗೆ “ರಾಗಿ ಮುಚ್ರೋ, ಮಳೆ ಬತ್ತೈತೆ!” ಎಂದು ಕೂಗುತ್ತಿದ್ದರು.

ಹೋದ ವರ್ಷ ನಮ್ಮ ಸುರಂಗದ ಹೆರಿಗೆಮನೆಯ ಸರ್ವರ್ ಸುಟ್ಟುಹೋಯಿತು. ಒಳಗೆ ಬಾಣಂತಿಯರಿದ್ದರು. ನನ್ನ ಗಂಡ ತ್ರಿಲೋಚನ ನಮ್ಮ ಮನೆಯಾಳನ್ನೇ ಹೊತ್ತೊಯ್ದು ಕೊಟ್ಟು, ಮನೆಯ ಕೆಲಸವನ್ನೆಲ್ಲ ಅಜ್ಜಿಯ ಕಂಪ್ಯೂಟರಿಗೆ ಹೊರಿಸಿದರು. “ಎರಡೂ ಒಂದರಲ್ಲೇ ನಡೆಯುತ್ತೆ ಬಿಡು” ಅಂದರು. ನಡೆಯಿತು ಕೂಡ, ಆಟದಲ್ಲಿ ಸುಗ್ಗಿ ಬರುವ ತನಕ.

ಅಂದು ಕೆಳಊರಿನ ಆಟಗಾರರೆಲ್ಲ ಅಜ್ಜಿಯ ಹೊಲದಲ್ಲಿ ಸೇರಿದರು. ಅಷ್ಟು ಜನರ ಭಾರಕ್ಕೆ ಕಂಪ್ಯೂಟರು ಬಿಸಿಯೇರಿ ನಿಂತುಬಿಟ್ಟಿತು. ಗಾಳಿ ನಿಂತಿತು. ಕಬ್ಬಿಣದ ಬಾಗಿಲು ಬೀಗ ಬಿಗಿದುಕೊಂಡಿತು. ಒಳಗೆ ನಾನು, ಅಜ್ಜಿ. ಹೊರಗೆ ತ್ರಿಲೋಚನ ಬಾಗಿಲು ಬಡಿಯುತ್ತಿದ್ದರು. ಮತ್ತೆ ಮತ್ತೆ ಚಾಲೂ ಮಾಡಿದೆ. ಪ್ರತಿ ಸಲವೂ ಅದು ಮೊದಲು ಹೊಲವನ್ನೇ ತೆರೆಯಲು ಹೋಗಿ ಕುಸಿಯುತ್ತಿತ್ತು. ಗೋಡೆ ಬೆವರತೊಡಗಿತು, ನನ್ನ ಕಿವಿ ಗುಂಯ್‌ಗುಟ್ಟಿತು. ಹೊಲ ಅಳಿಸದೆ ದಾರಿಯಿಲ್ಲ ಎಂದು ಗೊತ್ತಿತ್ತು, ಆದರೂ ಮತ್ತೊಮ್ಮೆ ಚಾಲೂ ಗುಂಡಿಗೇ ಕೈ ಹಾಕಿದೆ.

“ಹೊಲ ಅಡ್ಡ ಬಂದೈತೇನಮ್ಮ?” ಅಜ್ಜಿಯೇ ಕೇಳಿದರು.

“ಹೂಂ ಅಜ್ಜಿ.”

“ಹಂಗಾರೆ ಸರೀ, ನಾನೇ ಅಳುಸ್ತೀನಿ.” ನನ್ನ ಕೈ ಸರಿಸಿ ತಾವೇ ಒತ್ತಿದರು.

ಗಾಳಿ ಬಂತು. ಬಾಗಿಲು ತೆರೆಯಿತು, ತೆರೆದದ್ದು ಹೊಲಕ್ಕಲ್ಲ, ಸುರಂಗಕ್ಕೆ. ತ್ರಿಲೋಚನ ಅಜ್ಜಿಯ ಕಾಲು ಹಿಡಿದು ಅತ್ತರು. ಈಗ ಹೊಸ ಮನೆಯಾಳು ಬಂದಿದೆ, ಕಂಪ್ಯೂಟರು ಬರೀ ಆಟಕ್ಕಿದೆ. ಅಜ್ಜಿ ಮಾತ್ರ ಮತ್ತೆ ಬಿತ್ತಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮನೆ ನಡೆಸುವ ಯಂತ್ರವನ್ನೂ ಆಡುವ ಯಂತ್ರವನ್ನೂ ಬೇರೆಬೇರೆ ಇಡಿ. ಆಟ ತಾನೇ ಎನ್ನಬೇಡಿ. ಅಜ್ಜಿ ಈಗ ಗೋಡೆ ಸವರುತ್ತಾ ದಿನವೂ ಕೇಳುತ್ತಾರೆ: “ನಮ್ಮನೆ ಮೊದ್ಲಿಂದ್ಲೂ ಇಷ್ಟೇ ಚಿಕ್ಕದಿತ್ತೇನೇ?”

ಇಂತಿ,
ವಾರಿಜಾ